ಬೆಲ್ ಒತ್ತಿದರೆ ಬಾಗಿಲು ತೆಗೆಯುವುದು ಯಾರು?

ಬೌದ್ಧಿಕ ಅಂಗವೈಕಲ್ಯ ಇರುವ ನಾಲ್ವರು ವಾಸಿಸುವ ಒಂದು ಮನೆ ಅಂದುಕೊಳ್ಳಿ. ಚೆನ್ನಾಗಿಯೇ ಇದೆ. ಗೋಡೆಗೆ ಹೊಸ ಬಣ್ಣ, ಒಬ್ಬೊಬ್ಬರಿಗೆ ಒಂದೊಂದು ರೂಮು, ಹಿಂದೆ ಸಣ್ಣ ತೋಟ. ನೀವು ಹೋಗಿ ಬೆಲ್ ಒತ್ತುತ್ತೀರಿ. ಬಾಗಿಲು ತೆಗೆಯುವುದು ಡ್ಯೂಟಿಯಲ್ಲಿರುವ ಸಿಬ್ಬಂದಿ. ಒಳಗೆ ಗೋಡೆಯ ಮೇಲೆ ಶಿಫ್ಟ್ ಪಟ್ಟಿ ಅಂಟಿಸಿದ್ದಾರೆ. ಫ್ರಿಜ್ಜಿಗೆ ಬೀಗ ಇದೆ. ಎಲ್ಲರ ಸ್ನಾನವೂ ಏಳೂವರೆಯೊಳಗೆ ಮುಗಿಯಬೇಕು, ಯಾಕೆಂದರೆ ಎಂಟಕ್ಕೆ ಶಿಫ್ಟ್ ಬದಲಾಗುತ್ತದೆ. ರಾತ್ರಿ ಒಂಬತ್ತಕ್ಕೆ ಟೀವಿ ಬಂದ್. ನಾಲ್ವರಲ್ಲಿ ಇಬ್ಬರಿಗೆ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ. ಆದರೂ ಆರು ವರ್ಷದಿಂದ ಒಂದೇ ಟೇಬಲ್ಲಿಗೆ ಕೂತು ಊಟ ಮಾಡುತ್ತಿದ್ದಾರೆ. ಅವರು ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ. ಅವರ ಸರದಿ ಬಂದಾಗ ಖಾಲಿ ಇದ್ದದ್ದು ಆ ಎರಡು ರೂಮು, ಅಷ್ಟೇ.

ಇಲ್ಲಿ ಯಾರೂ ಕೆಟ್ಟವರಲ್ಲ. ಸಿಬ್ಬಂದಿ ಪ್ರೀತಿಯಿಂದಲೇ ನೋಡಿಕೊಳ್ಳುತ್ತಿರಬಹುದು. ಆದರೆ ಇದು ಅವರ ಮನೆಯಾ, ಅಥವಾ ಸಿಬ್ಬಂದಿಯ ಕೆಲಸದ ಜಾಗದಲ್ಲಿ ಅವರು ಉಳಿದುಕೊಂಡಿದ್ದಾರಾ?

ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರ ವಸತಿಯ ಬಗ್ಗೆ ಈಗ ಹಲವು ದೇಶಗಳಲ್ಲಿ ನಡೆಯುತ್ತಿರುವ ಜಗಳದ ಮೂಲ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಹೊಂದುವ ವಸತಿ ನೆರವು ಬೇಕು ಅಂತ ಎಲ್ಲರೂ ಹೇಳುತ್ತಾರೆ. ಸರ್ಕಾರಗಳೂ ಹೇಳುತ್ತವೆ, ಸಂಸ್ಥೆಗಳ ಬ್ರೋಷರುಗಳೂ ಹೇಳುತ್ತವೆ. ಕೋಣೆಗೆ ಇಷ್ಟದ ಬಣ್ಣ ಬಳಿಯುವುದನ್ನೂ ಅದೇ ಹೆಸರಿನಲ್ಲಿ ಕರೆಯುವವರಿದ್ದಾರೆ. ನನ್ನ ಪ್ರಕಾರ ಮಾತು ಅದಲ್ಲ. ಮನೆ ಒಂದು ಕಡೆಯಿಂದ, ನೆರವು ಇನ್ನೊಂದು ಕಡೆಯಿಂದ ಬಂದಾಗ ಮಾತ್ರ ಅದು ಆ ವ್ಯಕ್ತಿಯದ್ದಾಗುತ್ತದೆ. ಎರಡೂ ಒಂದೇ ಕೈಯಲ್ಲಿದ್ದರೆ, ಒಂದರ ಬಗ್ಗೆ ದೂರು ಹೇಳಿದರೆ ಎರಡೂ ಹೋಗುತ್ತವೆ ಅನ್ನುವ ಭಯ ಇದ್ದೇ ಇರುತ್ತದೆ.

ಈ ಪ್ರಶ್ನೆ ಇಷ್ಟು ಜೋರಾಗಿ ಈಗಲೇ ಏಕೆ ಎದ್ದಿದೆ ಅಂದರೆ, ಮೊದಲನೆಯ ಕಾರಣ ಆಯಸ್ಸು. ಅಮೆರಿಕದ ಲೆಕ್ಕವನ್ನೇ ನೋಡಿ. 1983ರಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಸುಮಾರು 25 ವರ್ಷ. ಈಗ ಅದು 60ರ ಹತ್ತಿರ ಬಂದಿದೆ. ಹೃದಯದ ಶಸ್ತ್ರಚಿಕಿತ್ಸೆ, ಒಳ್ಳೆಯ ಆರೈಕೆ, ದೊಡ್ಡ ಸಂಸ್ಥೆಗಳಿಂದ ಹೊರಗೆ ಬಂದದ್ದು, ಎಲ್ಲವೂ ಸೇರಿ ಆದ ಬದಲಾವಣೆ ಇದು. ಒಂದು ತಲೆಮಾರಿನ ಹಿಂದೆ ಅಪ್ಪ ಅಮ್ಮನೇ ಮಗುವಿಗಿಂತ ಜಾಸ್ತಿ ದಿನ ಬದುಕುತ್ತಿದ್ದರು. ಈಗ ಎಪ್ಪತ್ತೆಂಟರ ತಾಯಿ ಐವತ್ತರ ಮಗನ ಶೂ ಲೇಸ್ ಕಟ್ಟುತ್ತಿದ್ದಾರೆ.

ಈ ಮನೆಗಳಲ್ಲಿ 'ಮುಂದೇನು' ಅನ್ನುವ ಮಾತು ಎದ್ದಾಗಲೆಲ್ಲ ಯಾರಾದರೂ ಅದನ್ನು ಬದಿಗೆ ಸರಿಸುತ್ತಾರೆ. ಆಮೇಲೆ ಒಂದು ದಿನ ತಾಯಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಆಗ ಮೂರು ದಿನದಲ್ಲಿ ಜಾಗ ಹುಡುಕಬೇಕು. ಸಿಕ್ಕಿದ್ದು ಎಲ್ಲೋ ದೂರದ, ಗುರುತಿಲ್ಲದ ಜನರ ನಡುವಿನ ಒಂದು ಹಾಸಿಗೆ. ಮಗ ಒಂದೇ ವಾರದಲ್ಲಿ ಅಮ್ಮನನ್ನು, ಮನೆಯನ್ನು, ಬೀದಿಯನ್ನು, ಬೆಳಿಗ್ಗೆ ಕೈ ಬೀಸುತ್ತಿದ್ದ ಪಕ್ಕದ ಮನೆಯವರನ್ನು ಕಳೆದುಕೊಳ್ಳುತ್ತಾನೆ. ಆಮೇಲೆ ಅವನು ಕೂಗಾಡಿದರೆ ಫೈಲಿನಲ್ಲಿ 'ವರ್ತನೆಯ ಸಮಸ್ಯೆ' ಅಂತ ಬರೆಯುತ್ತಾರೆ.

ಹಿಂದೆ ಇದ್ದದ್ದು ಇದಕ್ಕಿಂತ ಕೆಟ್ಟದ್ದೇ. ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನಲ್ಲಿದ್ದ ವಿಲೋಬ್ರೂಕ್ ಅನ್ನುವ ಸರ್ಕಾರಿ ಸಂಸ್ಥೆ 4,000 ಜನರಿಗೆ ಅಂತ ಕಟ್ಟಿದ್ದು. 1960ರ ದಶಕದಲ್ಲಿ ಅಲ್ಲಿ 6,000ಕ್ಕೂ ಹೆಚ್ಚು ಜನರನ್ನು ತುಂಬಿದ್ದರು. 1972ರಲ್ಲಿ ಟೀವಿ ಕ್ಯಾಮೆರಾ ಒಳಗೆ ಹೋದಾಗ ಕಂಡದ್ದು ಕತ್ತಲೆ ವಾರ್ಡುಗಳು, ಬಟ್ಟೆಯಿಲ್ಲದೆ ನೆಲದ ಮೇಲೆ ಬಿದ್ದಿದ್ದ ಮಕ್ಕಳು. ಕೋರ್ಟು ಮೆಟ್ಟಿಲೇರಿ, ವರ್ಷಗಟ್ಟಲೆ ಎಳೆದು, 1987ರಲ್ಲಿ ಅದು ಮುಚ್ಚಿತು. ಅಷ್ಟರಲ್ಲಿ ಸ್ವೀಡನ್ನಿನ ಬೆಂಗ್ಟ್ ನಿರ್ಯೆ ಅನ್ನುವವರು ಒಂದು ಸರಳ ವಿಚಾರವನ್ನು ಹರಡಿದ್ದರು: ದಿನ, ವಾರ, ವರ್ಷಗಳ ಸಾಮಾನ್ಯ ಲಯ ಎಲ್ಲರಿಗೂ ಸಿಗಬೇಕು, ಅಂಗವೈಕಲ್ಯ ಇರುವವರಿಗೂ. ನಾರ್ವೆ 1991ರಲ್ಲಿ ಈ ಜವಾಬ್ದಾರಿಯನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟು ಸಂಸ್ಥೆಗಳನ್ನು ಮುಚ್ಚಲು ಶುರು ಮಾಡಿತು. ಸ್ವೀಡನ್ 1999ರ ಕೊನೆಯೊಳಗೆ ಎಲ್ಲವೂ ಮುಚ್ಚಬೇಕು ಅಂತ ಕಾನೂನನ್ನೇ ತಂದಿತು.

ದೊಡ್ಡ ಕಟ್ಟಡಗಳ ಜಾಗಕ್ಕೆ ಬಂದದ್ದು ಗ್ರೂಪ್ ಹೋಂ. ಸಾವಿರ ಜನರಿಂದ ಆರು ಜನರಿಗೆ ಇಳಿದದ್ದು ದೊಡ್ಡ ಹೆಜ್ಜೆಯೇ, ಅದನ್ನು ಹಗುರ ಮಾಡಬಾರದು. ಆದರೆ ಕಟ್ಟಡ ಚಿಕ್ಕದಾದ ಕೂಡಲೇ ಒಳಗಿನ ಪದ್ಧತಿ ಬದಲಾಗಲಿಲ್ಲ. ಮನೆಯೂ ಸಂಸ್ಥೆಯದ್ದೇ, ಸಿಬ್ಬಂದಿಯೂ ಸಂಸ್ಥೆಯವರೇ, ಟೈಂ ಟೇಬಲ್ಲೂ ಅವರದ್ದೇ. ಬ್ರಿಟನ್ನಿನ ಸಂಶೋಧಕ ಜಿಮ್ ಮ್ಯಾನ್ಸೆಲ್ ಮತ್ತು ಅವರ ಜೊತೆಗಾರರು ವರ್ಷಾನುಗಟ್ಟಲೆ ಇಂಥ ಮನೆಗಳನ್ನು ನೋಡಿದವರು. ಹಲವು ಕಡೆ ಸಿಬ್ಬಂದಿ ಎಲ್ಲ ಕೆಲಸವನ್ನೂ ತಾವೇ ಮಾಡಿಬಿಡುತ್ತಾರೆ, ವಾಸಿಸುವವರು ಸುಮ್ನೆ ಕೂತಿರುತ್ತಾರೆ. ಇದಕ್ಕೆ 'ಹೋಟೆಲ್ ಮಾದರಿ' ಅನ್ನುವ ಹೆಸರು ಬಂತು. ಒಳ್ಳೆಯ ಹೆಸರು. ಆದರೆ ಹೋಟೆಲಿನಿಂದ ನಾವು ಬೇಕಾದಾಗ ರೂಮು ಖಾಲಿ ಮಾಡಿ ಹೊರಡಬಹುದು ಅಲ್ವಾ, ಇಲ್ಲಿ ಅದೂ ಇಲ್ಲ.

2006ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಬಂತು. ಅದರ 19ನೇ ವಿಧಿ, ಎಲ್ಲಿ ಮತ್ತು ಯಾರ ಜೊತೆ ವಾಸಿಸಬೇಕು ಅನ್ನುವುದನ್ನು ಆರಿಸಿಕೊಳ್ಳುವ ಅವಕಾಶ ಬೇರೆಯವರಿಗೆ ಇರುವಷ್ಟೇ ಇವರಿಗೂ ಇರಬೇಕು, ಇಂಥ ವ್ಯವಸ್ಥೆಯಲ್ಲೇ ಇರಬೇಕು ಅಂತ ಯಾರನ್ನೂ ಕಟ್ಟಿಹಾಕಬಾರದು ಅನ್ನುತ್ತದೆ. 2017ರಲ್ಲಿ ಇದರ ಮೇಲೆ ವಿಶ್ವಸಂಸ್ಥೆಯ ಸಮಿತಿ ಕೊಟ್ಟ ವಿವರಣೆ ಇನ್ನೂ ನೇರ. ನೂರು ಜನರ ಕಟ್ಟಡವಿರಲಿ, ಐದರಿಂದ ಎಂಟು ಜನರ ಮನೆಯಿರಲಿ, ಒಬ್ಬರೇ ಇರುವ ಮನೆಯೇ ಇರಲಿ, ಸಂಸ್ಥೆಯ ಲಕ್ಷಣ ಇದ್ದರೆ ಅದು ಸ್ವತಂತ್ರ ಬದುಕಲ್ಲ. ಲಕ್ಷಣಗಳು ಯಾವುವು ಅನ್ನುವುದನ್ನೂ ಅದೇ ಹೇಳುತ್ತದೆ: ಸಹಾಯಕರನ್ನು ಬೇರೆಯವರ ಜೊತೆ ಹಂಚಿಕೊಳ್ಳಲೇಬೇಕು, ಯಾರ ನೆರವು ಬೇಕು ಅನ್ನುವುದರಲ್ಲಿ ಮಾತಿಲ್ಲ, ದಿನದ ಸಣ್ಣ ತೀರ್ಮಾನಗಳ ಮೇಲೆ ಹಿಡಿತವಿಲ್ಲ, ಎಲ್ಲರಿಗೂ ಒಂದೇ ದಿನಚರಿ. ಒಂದೇ ಬೆಡ್‌ರೂಮಿನ ಫ್ಲ್ಯಾಟ್ ಕೂಡ ಒಂದು ಪುಟ್ಟ ಸಂಸ್ಥೆಯಾಗಬಹುದು ಅಂದ ಹಾಗಾಯಿತು.

ಹಾಗಾದರೆ ಮನೆ ಮತ್ತು ನೆರವು ಒಂದೇ ಗಂಟಿನಲ್ಲಿ ಸಿಕ್ಕಿಕೊಂಡದ್ದು ಯಾಕೆ? ಬಹುಪಾಲು ಉತ್ತರ ದುಡ್ಡು ಹರಿಯುವ ದಾರಿಯಲ್ಲಿದೆ. ಸರ್ಕಾರಗಳಿಗೆ ಹಾಸಿಗೆ ಲೆಕ್ಕ ಹಾಕುವುದು ಸುಲಭ. ಇಷ್ಟು ಹಾಸಿಗೆ, ಇಷ್ಟು ಅನುದಾನ. ಇದು ಎಷ್ಟು ವಿಚಿತ್ರಕ್ಕೆ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ಕೇಟಿ ಬೆಕೆಟ್ ಅನ್ನುವ ಪುಟ್ಟ ಹುಡುಗಿಯ ಕಥೆ ಸಾಕು. ಮನೆಯಲ್ಲಿ ಆರೈಕೆ ಮಾಡಿದ್ದರೆ ಖರ್ಚು ಕಡಿಮೆ ಆಗುತ್ತಿತ್ತು. ಆದರೆ ಆಸ್ಪತ್ರೆಯಲ್ಲಿ ಇದ್ದರೆ ಮಾತ್ರ ಸರ್ಕಾರಿ ವಿಮೆ ದುಡ್ಡು ಕೊಡುತ್ತಿತ್ತು. ಹಾಗಾಗಿ ಅವಳು ಆಸ್ಪತ್ರೆಯಲ್ಲೇ ಉಳಿದಳು. 1981ರಲ್ಲಿ ಅಧ್ಯಕ್ಷ ರೇಗನ್ ಅವಳ ವಿಷಯವನ್ನು ಎತ್ತಿ ಮಾತಾಡಿದರು. ಅದೇ ವರ್ಷ ಆಸ್ಪತ್ರೆ, ಸಂಸ್ಥೆಗಳ ಬದಲು ಮನೆಯಲ್ಲೇ ನೆರವು ಕೊಡಲು ಹಣ ಬಳಸುವ ವಿನಾಯಿತಿ ಕಾನೂನಿನಲ್ಲಿ ಸೇರಿತು. ಇವತ್ತಿಗೂ ಅಲ್ಲಿ ಅದರ ಹೆಸರು 'ವೇವರ್', ಅಂದರೆ ವಿನಾಯಿತಿ. ಸಂಸ್ಥೆಗೆ ಹೋಗುವುದು ಹಕ್ಕು, ಮನೆಯಲ್ಲಿರುವುದು ವಿನಾಯಿತಿ! ವಿನಾಯಿತಿಗೆ ವೇಟಿಂಗ್ ಲಿಸ್ಟ್ ಇರಬಹುದು, ಹಕ್ಕಿಗೆ ಇರುವುದಿಲ್ಲ. ಹಲವು ರಾಜ್ಯಗಳಲ್ಲಿ ಆ ಪಟ್ಟಿ ವರ್ಷಗಟ್ಟಲೆ ಉದ್ದ.

ಅದೇ ದೇಶದ ಲೋಯಿಸ್ ಕರ್ಟಿಸ್ ಎಂಬವರಿಗೆ ಬೌದ್ಧಿಕ ಅಂಗವೈಕಲ್ಯದ ಜೊತೆ ಮಾನಸಿಕ ಕಾಯಿಲೆಯೂ ಇತ್ತು. ಹೊರಗೆ ನೆರವಿನೊಂದಿಗೆ ಬದುಕಬಲ್ಲರು ಅಂತ ವೈದ್ಯರೇ ಹೇಳಿದ ಮೇಲೂ ಅವರನ್ನು ಜಾರ್ಜಿಯಾದ ಸರ್ಕಾರಿ ಆಸ್ಪತ್ರೆಯಲ್ಲೇ ಇಟ್ಟಿದ್ದರು. 1999ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಕಾರಣವಿಲ್ಲದೆ ಹೀಗೆ ಬೇರೆ ಇಡುವುದು ತಾರತಮ್ಯ ಅಂತ ತೀರ್ಪು ಕೊಟ್ಟಿತು. ಹೊರಗೆ ಬಂದ ಲೋಯಿಸ್ ಚಿತ್ರ ಬರೆದರು, ಪ್ರದರ್ಶನ ಮಾಡಿದರು. 2011ರಲ್ಲಿ ತಾವು ಬರೆದ ಒಂದು ಚಿತ್ರವನ್ನು ಅಧ್ಯಕ್ಷ ಒಬಾಮಾ ಕೈಗೆ ಕೊಟ್ಟರು.

ದುಡ್ಡನ್ನು ಸಂಸ್ಥೆಗೆ ಕೊಡುವ ಬದಲು ವ್ಯಕ್ತಿಯ ಹೆಸರಿಗೇ ಕೊಡುವ ಪ್ರಯೋಗಗಳೂ ನಡೆದವು. ಬ್ರಿಟನ್ 1996ರಲ್ಲಿ ಇದಕ್ಕೆ ಕಾನೂನು ಮಾಡಿತು. ಆಸ್ಟ್ರೇಲಿಯಾ 2013ರಲ್ಲಿ ತಂದ ರಾಷ್ಟ್ರೀಯ ಅಂಗವೈಕಲ್ಯ ವಿಮೆಯಲ್ಲಿ ಕಟ್ಟಡಕ್ಕೆ ಒಂದು ಬಾಬತ್ತು, ದಿನನಿತ್ಯದ ನೆರವಿಗೆ ಇನ್ನೊಂದು ಬಾಬತ್ತು. ಕಾಗದದ ಮೇಲೆ ಪಕ್ಕಾ. ಆದರೆ ಎರಡನ್ನೂ ಒಂದೇ ಸಂಸ್ಥೆ ಕೊಟ್ಟರೆ, ಅಥವಾ ಎರಡು ಸಂಸ್ಥೆಗಳು ಒಳಗೊಳಗೆ ಮಾತಾಡಿಕೊಂಡರೆ, ಬೇರೆ ಮಾಡಿದ್ದು ಬಿಲ್ಲನ್ನು ಮಾತ್ರ. 2023ರ ಕೊನೆಗೆ ಬಂದ ಅಲ್ಲಿನ ಪರಿಶೀಲನಾ ವರದಿ ಇವೆರಡನ್ನು ಕಡ್ಡಾಯವಾಗಿ ಬೇರೆ ಮಾಡಿ ಅಂತಲೇ ಹೇಳಿತು. ತಮಾಷೆ ಏನೆಂದರೆ, ಅದೇ ವರದಿ ಇಪ್ಪತ್ನಾಲ್ಕು ಗಂಟೆ ನೆರವು ಬೇಕಾದವರಿಗೆ ಸರಾಸರಿ ಮೂವರಿಗೆ ಒಬ್ಬ ಸಹಾಯಕ ಅನ್ನುವ ಲೆಕ್ಕವನ್ನೂ ಇಟ್ಟಿತು. ಮೂವರು ಒಬ್ಬರನ್ನು ಹಂಚಿಕೊಳ್ಳಬೇಕಾದರೆ ಮೂವರೂ ಒಂದೇ ಕಡೆ ಇರಬೇಕಲ್ಲ? ಮತ್ತೆ ಅದೇ ಗ್ರೂಪ್ ಹೋಂ ಹಿಂಬಾಗಿಲಿನಿಂದ ಬಂತು ಅಂತ ಅಂಗವಿಕಲರ ಸಂಘಟನೆಗಳು ಸಿಟ್ಟಾದವು. ಸಿಟ್ಟು ನ್ಯಾಯವೇ. ಆದರೆ ಒಬ್ಬರಿಗೆ ಒಬ್ಬರಂತೆ ಹಗಲೂ ರಾತ್ರಿ ಸಿಬ್ಬಂದಿ ಇಡುವ ಖರ್ಚು ಎಲ್ಲಿಂದ ಬರಬೇಕು ಅನ್ನುವುದೂ ಸುಳ್ಳು ಪ್ರಶ್ನೆಯಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. 'ಇಪ್ಪತ್ನಾಲ್ಕು ಗಂಟೆ ನೆರವು' ಅನ್ನುವ ಮಾತನ್ನು ಬಿಡಿಸಿ ನೋಡಿದರೆ ಅರ್ಧ ಗಂಟು ಸಡಿಲವಾಗುತ್ತದೆ.

ಆಟಿಸಂ ಇರುವ ಮೂವತ್ತೆರಡರ ಒಬ್ಬ ಯುವಕ ಅಂದುಕೊಳ್ಳಿ. ಬಸ್ಸಿನ ಟೈಮಿಂಗ್ ಎಲ್ಲ ಬಾಯಿಪಾಠ. ಆದರೆ ಬಿಲ್ ಕಟ್ಟಲು ಬಾರದು, ಒಲೆ ಆರಿಸಲು ಮರೆಯುತ್ತಾನೆ, ಗೊತ್ತಿಲ್ಲದವರು ಫೋನ್ ಮಾಡಿದರೆ ಗಾಬರಿಯಾಗುತ್ತಾನೆ. ಫೈಲಿನಲ್ಲಿ '24 ಗಂಟೆ ಮೇಲ್ವಿಚಾರಣೆ' ಅಂತ ಇದೆ. ವಾರಕ್ಕೆ 168 ಗಂಟೆ. ನಿದ್ದೆ 56. ಕೆಲಸದ ಜಾಗದಲ್ಲಿ 25. ಉಳಿದದ್ದು 87. ಬೆಳಿಗ್ಗೆ ಹೊರಡಿಸಲು ದಿನಕ್ಕೆ ಒಂದೂವರೆ ಗಂಟೆ, ಸಂಜೆ ಅಡುಗೆ, ಸ್ನಾನ, ನಾಳೆಯ ತಯಾರಿಗೆ ಎರಡೂವರೆ ಗಂಟೆ. ವಾರಕ್ಕೆ 28 ಆಯಿತು. ಅಂಗಡಿ, ಬ್ಯಾಂಕು, ಡಾಕ್ಟರು ಅಂತ ನಾಲ್ಕು. ರಜೆಯ ದಿನ ಹೊರಗೆ ಹೋಗಲು ಇನ್ನೊಂದು ನಾಲ್ಕು. ಒಟ್ಟು 36. ಉಳಿದ 51 ಗಂಟೆ ಅವನ ಪಾಡಿಗೆ ಅವನು. ಹಾಡು ಕೇಳುತ್ತಾನೆ, ಮ್ಯಾಪ್ ನೋಡುತ್ತಾನೆ, ಬಟ್ಟೆ ಮಡಚುತ್ತಾನೆ. ಆಗ ಅವನಿಗೆ ಬೇಕಾದ್ದು ಪಕ್ಕದಲ್ಲಿ ಕೂತ ಸಿಬ್ಬಂದಿಯಲ್ಲ, ಕರೆದರೆ ಹತ್ತು ನಿಮಿಷದಲ್ಲಿ ಬರುವ ಒಬ್ಬರು. ಒಲೆಗೆ ತಾನಾಗಿ ಆರುವ ಟೈಮರ್ ಹಾಕಿಸಿದರೆ ಇನ್ನೊಂದು ಭಯವೂ ಕಡಿಮೆ.

ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ? ತಾಯಂದಿರು ಎಲ್ಲಕ್ಕಿಂತ ಮೊದಲು ಕೇಳುವುದು ಇದನ್ನೇ. ಉತ್ತರ ಒಬ್ಬೊಬ್ಬರಿಗೆ ಒಂದೊಂದು. ರಾತ್ರಿ ಪದೇ ಪದೇ ಫಿಟ್ಸ್ ಬರುವವರಿಗೆ ರಾತ್ರಿಯಿಡೀ ಎಚ್ಚರ ಇರುವವರು ಬೇಕೇ ಬೇಕು, ಅಲ್ಲಿ ಉಳಿತಾಯದ ಮಾತು ಆಡಬಾರದು. ಕೆಲವರಿಗೆ ಪಕ್ಕದ ರೂಮಿನಲ್ಲಿ ಮಲಗುವ ಒಬ್ಬರು ಸಾಕು. ಇನ್ನು ಕೆಲವರಿಗೆ ಬಾಗಿಲು ತೆರೆದರೆ ತಿಳಿಸುವ ಒಂದು ಸೆನ್ಸರ್, ಫೋನಿನಲ್ಲಿ ಒಂದೇ ದೊಡ್ಡ ಬಟನ್, ಅದೇ ಬೀದಿಯಲ್ಲಿ ಆನ್ ಕಾಲ್ ಇರುವವರು. ಒಂದು ಎಚ್ಚರಿಕೆ: ಸೆನ್ಸರ್ ಹೆಸರಿನಲ್ಲಿ ಮಲಗುವ ಕೋಣೆಗೂ ಕ್ಯಾಮೆರಾ ಹಾಕುವವರಿದ್ದಾರೆ. ಅದನ್ನು ನಾನು ನೆರವು ಅನ್ನುವುದಿಲ್ಲ.

ಈ ಲೆಕ್ಕ ಹಾಕದೆ ಫೈಲಿನಲ್ಲಿ ಬರೆಯುವ '24' ಎಷ್ಟೋ ಸಲ ಬೇರೆಯವರ ಹೆದರಿಕೆಯ ಅಳತೆ. ಉಲ್ಟಾ ಕೂಡ ಆಗುತ್ತದೆ. ಲೆಕ್ಕ ಹಾಕುವ ನೆಪದಲ್ಲಿ ಬೇಕಾದ ಗಂಟೆಗಳನ್ನೂ ಕತ್ತರಿಸಿ, ಅದಕ್ಕೆ 'ಸ್ವಾವಲಂಬನೆ' ಅಂತ ಹೆಸರಿಟ್ಟು ಕೈತೊಳೆದುಕೊಳ್ಳುವ ಇಲಾಖೆಗಳಿವೆ. ಯಾರು ಲೆಕ್ಕ ಹಾಕುತ್ತಾರೆ, ಯಾರ ಎದುರು ಹಾಕುತ್ತಾರೆ ಅನ್ನುವುದೇ ಮುಖ್ಯ.

ಇಂಥ ನೆರವಿಗೆ ಒಂದೇ ಅಚ್ಚು ಇಲ್ಲ. ಬ್ರಿಟನ್ನಿನಲ್ಲಿ 1990ರಿಂದ ನಡೆಯುತ್ತಿರುವ ಕೀರಿಂಗ್ ಅನ್ನುವ ವ್ಯವಸ್ಥೆ ನನಗೆ ಬಹಳ ಇಷ್ಟ. ನಡೆದು ಹೋಗುವಷ್ಟು ಹತ್ತಿರದಲ್ಲಿ ಹತ್ತು ಜನರ ಆಸುಪಾಸಿನಲ್ಲಿ ಒಂದು ಗುಂಪು, ಆದರೆ ಎಲ್ಲರದ್ದೂ ಬೇರೆ ಬೇರೆ ಮನೆ. ಅದೇ ಬಡಾವಣೆಯಲ್ಲಿ ಒಬ್ಬ ಸ್ವಯಂಸೇವಕರೂ ವಾಸಿಸುತ್ತಾರೆ. ಬಂದ ಕಾಗದ ಓದಿ ಹೇಳುವುದು, ಕೆಟ್ಟ ನಲ್ಲಿಗೆ ಯಾರನ್ನು ಕರೆಯಬೇಕು ಅಂತ ತೋರಿಸುವುದು ಅವರ ಕೆಲಸ. ಸದಸ್ಯರು ಒಬ್ಬರಿಗೊಬ್ಬರು ಆಗುತ್ತಾರೆ. ಒಬ್ಬರಿಗೆ ಓದಲು ಬರುತ್ತದೆ, ಇನ್ನೊಬ್ಬರಿಗೆ ಬಲ್ಬ್ ಹಾಕಲು ಬರುತ್ತದೆ. ಜಾಸ್ತಿ ನೆರವು ಬೇಕಾದವರಿಗೆ ಇದು ಸಾಲುವುದಿಲ್ಲ. ಅಂಥ ಕೆಲವರು ಇನ್ನೊಂದು ಕುಟುಂಬದ ಮನೆಯಲ್ಲಿ ಮನೆಯವರಂತೆ ಇರುವ 'ಶೇರ್ಡ್ ಲೈವ್ಸ್' ದಾರಿ ಹಿಡಿಯುತ್ತಾರೆ. ಕೆನಡಾದಲ್ಲಿ 1980ರ ದಶಕದಲ್ಲಿ ಶುರುವಾದ ಮೈಕ್ರೋಬೋರ್ಡ್ ಇನ್ನೂ ಬೇರೆ ಥರ: ಒಬ್ಬ ವ್ಯಕ್ತಿಗೋಸ್ಕರ ಅವನನ್ನು ಬಲ್ಲ ಐದಾರು ಜನ ಸೇರಿ ಒಂದು ಪುಟ್ಟ ನೋಂದಾಯಿತ ಸಂಘ ಮಾಡಿಕೊಳ್ಳುತ್ತಾರೆ. ಅಕ್ಕ, ಹಳೆಯ ಟೀಚರ್, ಸ್ನೇಹಿತ, ಪಕ್ಕದ ಮನೆಯವರು. ದುಡ್ಡು ಆ ಸಂಘಕ್ಕೆ ಬರುತ್ತದೆ, ಸಹಾಯಕರನ್ನು ನೇಮಿಸುವುದೂ ಅದೇ. ಅಪ್ಪ ಅಮ್ಮ ಹೋದ ಮೇಲೂ ಆ ಸಂಘ ಉಳಿಯುತ್ತದೆ.

ಇದರ ಕಷ್ಟವೂ ಕಡಿಮೆಯಿಲ್ಲ. ಸಹಾಯಕರ ಸಂಬಳ, ರಜೆ, ಬದಲಿಗೆ ಯಾರು, ತೆರಿಗೆ ಕಾಗದ, ಎಲ್ಲವೂ ಕುಟುಂಬದ ತಲೆಗೆ ಬರುತ್ತದೆ. ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ, ಮ್ಯಾನೇಜರ್ ಆಗುತ್ತಾಳೆ. ಓದು ಬರಹ ಬಲ್ಲ, ಇಲಾಖೆಗಳಿಗೆ ಅಲೆಯಬಲ್ಲ ಮನೆಗಳಿಗೆ ಇದು ಒಗ್ಗುತ್ತದೆ. ಉಳಿದವರು ಹಳೆಯ ಗ್ರೂಪ್ ಹೋಂ ಬಾಗಿಲಲ್ಲೇ ನಿಲ್ಲುತ್ತಾರೆ. ಜೊತೆಗೆ ಸಹಾಯಕರ ಸಂಬಳ ಬಹಳ ಕಡೆ ಕಡಿಮೆ, ಆಗಾಗ ಹೊಸ ಮುಖ. ಮೈ ಮುಟ್ಟಿ ಸ್ನಾನ ಮಾಡಿಸುವವರು ಪದೇ ಪದೇ ಬದಲಾದರೆ ಹೇಗಿರುತ್ತದೆ ಅಂತ ಒಮ್ಮೆ ಯೋಚಿಸಿ.

ಒಂಟಿತನದ ಮಾತನ್ನೂ ಮುಚ್ಚಿಡಬಾರದು. ಗ್ರೂಪ್ ಹೋಂನಲ್ಲಿ ಜಗಳವಾದರೂ ಜನ ಇರುತ್ತಿದ್ದರು. ಫ್ಲ್ಯಾಟಿಗೆ ಬಂದವರು ಸಂಬಳಕ್ಕೆ ಬರುವವರನ್ನು ಬಿಟ್ಟು ವಾರವಿಡೀ ಬೇರೆ ಮುಖವನ್ನೇ ನೋಡದೆ ಇರಬಹುದು. ಹಾಗಾಗಿ 36 ಗಂಟೆಯ ಲೆಕ್ಕದಲ್ಲಿ ಅಡುಗೆ, ಸ್ನಾನ ಮಾತ್ರ ಬರೆದು, ಗೆಳೆಯನ ಮನೆಗೆ ಹೋಗುವ ನಾಲ್ಕು ಗಂಟೆಯನ್ನು 'ಐಚ್ಛಿಕ' ಅಂತ ಹೊಡೆದುಹಾಕಿದರೆ ಆ ಯೋಜನೆ ಅರ್ಧಕ್ಕೇ ಕೆಟ್ಟಿತು. ಕೆಲವರಿಗೆ ನಿಜವಾಗಿಯೂ ಇನ್ನಿಬ್ಬರ ಜೊತೆ ಇರುವುದೇ ಇಷ್ಟ. ಇರಲಿ. ಆ ಇಬ್ಬರು ಯಾರು ಅಂತ ಅವರೇ ಹೇಳಲಿ.

'ನಮ್ಮ ಮಗಳಿಗೆ ಮಾತೇ ಬರುವುದಿಲ್ಲ, ಅವಳು ಏನು ಆರಿಸಿಕೊಳ್ಳುತ್ತಾಳೆ?' ಇದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಮಾತು ಬರದವರೂ ಬೇಕು ಬೇಡ ಹೇಳುತ್ತಲೇ ಇರುತ್ತಾರೆ. ಒಬ್ಬ ಸಹಾಯಕಿ ಬಂದಾಗ ಭುಜ ಬಿಗಿಯಾಗುತ್ತದೆ, ಇನ್ನೊಬ್ಬರು ಬಂದಾಗ ಸಡಿಲವಾಗುತ್ತದೆ. ಎರಡು ಮನೆಗಳಲ್ಲಿ ಎರಡೆರಡು ರಾತ್ರಿ ಉಳಿದು ನೋಡಿದರೆ ನಿದ್ದೆಯೇ ಉತ್ತರ ಹೇಳುತ್ತದೆ. ಇದನ್ನು ಓದಲು ಅವಳನ್ನು ಬಲ್ಲವರು ಬೇಕು, ಸಮಯ ಬೇಕು. ಮೂರು ದಿನದಲ್ಲಿ ಆಗುವ ಕೆಲಸ ಅಲ್ಲ.

ಮಾತು ಬರುವವರ ಮಾತನ್ನಾದರೂ ಕೇಳುತ್ತಾರಾ? 2013ರಲ್ಲಿ ಅಮೆರಿಕದ ವರ್ಜೀನಿಯಾದ ಕೋರ್ಟಿನಲ್ಲಿ ಜೆನ್ನಿ ಹ್ಯಾಚ್ ಅನ್ನುವ ಡೌನ್ ಸಿಂಡ್ರೋಮ್ ಇರುವ 29ರ ಯುವತಿ ಕೇಳಿದ್ದು ಒಂದೇ: ಗ್ರೂಪ್ ಹೋಂ ಬೇಡ, ನಾನು ಕೆಲಸ ಮಾಡುವ ಅಂಗಡಿಯ ಸ್ನೇಹಿತರ ಜೊತೆ ಇರುತ್ತೇನೆ. ತಾಯಿ ಮತ್ತು ಮಲತಂದೆ ಬೇರೆಯೇ ಬಯಸಿದ್ದರು. ನ್ಯಾಯಾಧೀಶರು ಸ್ನೇಹಿತರನ್ನೇ ಒಂದು ವರ್ಷದ ಮಟ್ಟಿಗೆ ಪಾಲಕರನ್ನಾಗಿ ಮಾಡಿ, ಆಮೇಲೆ ಜೆನ್ನಿಯೇ ಬೇರೆಯವರ ಸಲಹೆಯೊಂದಿಗೆ ತೀರ್ಮಾನ ಮಾಡುವತ್ತ ಸಾಗಲಿ ಅಂದರು. ಎಲ್ಲಿ ವಾಸಿಸಬೇಕು ಅಂತ ಹೇಳಲು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಕೋರ್ಟಿಗೆ ಹೋಗಬೇಕಾಯಿತು.

ಇನ್ನು ಕಾಗದಪತ್ರ. ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿ. ಸಂಸ್ಥೆಯ ಹೆಸರಿನಲ್ಲಿದ್ದರೆ ಆ ವ್ಯಕ್ತಿ ಬಾಡಿಗೆದಾರನೇ ಅಲ್ಲ, ಅತಿಥಿ. ಸಹಾಯಕರನ್ನು ಬದಲಾಯಿಸಿದರೆ ಮನೆ ಉಳಿಯುತ್ತದಾ, ಮನೆ ಬದಲಾಯಿಸಿದರೆ ಅದೇ ಸಹಾಯಕರು ಜೊತೆಗೆ ಬರುತ್ತಾರಾ ಅನ್ನುವ ಎರಡು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೇಳಿ. ಅಪ್ಪ ಅಮ್ಮ ದುಡ್ಡು ಹಾಕಿ ಫ್ಲ್ಯಾಟ್ ಕೊಂಡು, ಅದನ್ನು ನಡೆಸಲು ಒಂದೇ ಸಂಸ್ಥೆಗೆ ಒಪ್ಪಿಸಿಬಿಟ್ಟರೆ, ಆ ಫ್ಲ್ಯಾಟೂ ಮೆಲ್ಲಗೆ ಸಂಸ್ಥೆಯದ್ದಾಗುತ್ತದೆ.

ಮತ್ತೆ ನಮ್ಮ ಮೂವತ್ತೆರಡರ ಯುವಕ. ಅವನು ತನ್ನದೇ ಮನೆಗೆ ಒಂದೇ ಸಲಕ್ಕೆ ಹೋಗುವುದಿಲ್ಲ. ಮೊದಲ ತಿಂಗಳು ಶನಿವಾರ ಮಾತ್ರ, ಆಮೇಲೆ ವಾರಕ್ಕೆ ಎರಡು ರಾತ್ರಿ. ಅಮ್ಮ ಗಟ್ಟಿಯಾಗಿರುವಾಗಲೇ, ಅವರೂ ಬಂದು ಕೂತು ಎದ್ದು ಹೋಗುವ ಹಾಗಿರುವಾಗಲೇ. ಅವನ ನೆರವಿನ ಯೋಜನೆ ಹನ್ನೊಂದು ಪುಟ ಇರಬಹುದು. ಅದರಲ್ಲಿ ಅವನು ತಾನೇ ಹೇಳಿ ಬರೆಸಿದ್ದು ಒಂದೇ ಸಾಲು ಅಂದುಕೊಳ್ಳಿ. ಸಹಾಯಕರ ಹತ್ತಿರ ತುರ್ತಿಗೆ ಅಂತ ಇನ್ನೊಂದು ಕೀಲಿ ಇರುತ್ತದೆ. ಆ ಸಾಲು ಹೀಗಿದೆ: 'ಕೀಲಿಯಿಂದ ಬಾಗಿಲು ತೆಗೆಯಬೇಡಿ. ಬೆಲ್ ಒತ್ತಿ, ಎರಡು ನಿಮಿಷ ಕಾಯಿರಿ. ನಾನು ಬರುತ್ತೇನೆ.'